ಮಂಚಯ್ಯನವರ ಹಸಿವು

ಫೆಬ್ರವರಿ ೧೭, ಮಂಗಳವಾರ

ಬೆಳಿಗ್ಗೆ ಕಾಫಿ ಕುಡಿಯುವ ಮೊದಲೇ ಪಕ್ಷದ ನಾಯಕರ ಫೋನು. ಮಾರ್ಚ್ ಅಧಿವೇಶನದಲ್ಲಿ ವಿಧಾನ ಪರಿಷತ್ತಿನಿಂದ ನಿವೃತ್ತರಾಗುವವರಿಗೆ ಬೀಳ್ಕೊಡುಗೆ ಇದೆಯಂತೆ. ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬರು ಮಾತಾಡಬೇಕು. ಶೀಳನೆರೆಯ ಮಂಚಯ್ಯನವರು ನನ್ನ ಪಾಲಿಗೆ ಬಂದಿದ್ದಾರೆ. ಅವರು ಎದುರು ಪಕ್ಷದವರಲ್ಲವೇ ಎಂದೆ. ಎದುರು ಪಕ್ಷದವರು ಹೊಗಳಿದರೇ ಶೋಭೆ, ಮೇಲಾಗಿ ನೀವಿಬ್ಬರೂ ಒಂದೇ ಜಿಲ್ಲೆ, ಮಾತು ನಿಮಗೆ ನೀರು ಕುಡಿದ ಹಾಗೆ ಎಂದರು. ಮಾತು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇಷ್ಟು ವರ್ಷ ಯಾರು ಯಾರ ಕೆಲಸವೆಲ್ಲ ನನ್ನ ತಲೆಗೆ ಕಟ್ಟಿದ್ದಾರೋ ಲೆಕ್ಕವಿಲ್ಲ.

ಮಂಚಯ್ಯನವರ ಬಗ್ಗೆ ಏನು ಹೇಳುವುದು? ನಾನು ಸದನಕ್ಕೆ ಕಾಲಿಟ್ಟ ದಿನದಿಂದ ಎದುರಿನ ಸಾಲಿನಲ್ಲಿ ಅವರನ್ನು ನೋಡುತ್ತಿದ್ದೇನೆ. ಬಿಳಿ ಪಂಚೆ, ಹೆಗಲ ಮೇಲೆ ಟವಲು, ತೊಡೆಯ ಮೇಲೆ ಎರಡು ಕೈ. ಒಂದು ಪ್ರಶ್ನೆ ಕೇಳಿದವರಲ್ಲ, ಒಂದು ಮಸೂದೆಯ ಮೇಲೆ ಬಾಯಿ ಬಿಟ್ಟವರಲ್ಲ. ಮೊಗಸಾಲೆಯಲ್ಲಿ ಅವರಿಗೆ ಊಟದ ಮಂಚಯ್ಯ ಎಂದೇ ಹೆಸರು. ಸಾವಿನ ಮನೆಗೆ ಹೋದರೂ ಮುದ್ದೆ ಹಾಕಿಸಿಕೊಂಡು ಉಣ್ಣುತ್ತಾರಂತೆ. ಒಂದು ಪತ್ರಿಕೆಯ ಚೇಷ್ಟೆಯ ಅಂಕಣದಲ್ಲೂ ಅದು ಬಂದಿತ್ತು. ಓದಿ ಎಲ್ಲರೂ ನಕ್ಕಿದ್ದೆವು.

ಅಕ್ಕ ಮಾದಮ್ಮ ಒಲೆಯ ಮುಂದಿನಿಂದಲೇ ಕೇಳಿದಳು, ಹೊಗಳೋದಕ್ಕೆ ಏನಾದರೂ ಸಿಕ್ಕಿತಾ ಎಂದು. ಇಲ್ಲ ಎಂದೆ. ನನ್ನ ಅವಧಿಯೂ ಇನ್ನು ಎರಡೇ ವರ್ಷ. ಮತ್ತೆ ನಿಲ್ಲುವುದಿಲ್ಲ ಎಂದು ಅವಳಿಗೆ ಆಗಲೇ ಹೇಳಿದ್ದೇನೆ. ಪಾಂಡವಪುರದ ಕಾಲೇಜಿನಲ್ಲಿ ಪಾಠ ಮಾಡುವಾಗ ಹುಡುಗರು ಆಕಳಿಸಿದರೆ ಸಿಟ್ಟು ಬರುತ್ತಿತ್ತು. ಇಲ್ಲಿ ಮಂತ್ರಿಗಳೇ ಆಕಳಿಸುತ್ತಾರೆ, ಸಿಟ್ಟು ಕೂಡ ಬರುವುದಿಲ್ಲ.

ಫೆಬ್ರವರಿ ೧೯, ಗುರುವಾರ

ಮಂಚಯ್ಯನವರ ಮನೆಗೆ ಫೋನ್ ಮಾಡಿದೆ. ಹೆಂಡತಿ ದ್ಯಾವಮ್ಮ ಎತ್ತಿಕೊಂಡರು. ಮಂಚಯ್ಯನವರಿಗೆ ಕಿಡ್ನಿ ಕೈಕೊಟ್ಟಿದೆ, ಸೋಮವಾರ, ಬುಧವಾರ, ಶುಕ್ರವಾರ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತಾರೆ. ಬೀಳ್ಕೊಡುಗೆಗೆ ಬರುವ ಶಕ್ತಿ ಇಲ್ಲ. ನಾನೇ ಮಾತಾಡುವವಳು ಎಂದು ತಿಳಿದ ಕೂಡಲೇ ದ್ಯಾವಮ್ಮನವರ ಧ್ವನಿ ಸಣ್ಣದಾಯಿತು.

“ನಮ್ಮೋರು ಅಲ್ಲಿ ಒಂದ್ ಮಾತೂ ಆಡ್ಲಿಲ್ಲ, ನಂಗೊತ್ತು ಕಣವ್ವ. ಅವ್ರ್ ಬಗ್ಗೆನಾದ್ರೂ ಅಲ್ಲಿ ಒಂದೊಳ್ಳೆ ಮಾತು ಬರ್ಲಿ. ಟೀವೀಲಿ ತೋರುಸ್ತಾರಂತಲ್ಲ, ಕೂತ್ಕಂಡು ಕೇಳ್ಲಿ. ಇನ್ನೆಷ್ಟ್ ದಿನ್ವೋ ಏನೋ.”

ಆಮೇಲೆ ಫೋನು ಮಂಚಯ್ಯನವರ ಕೈಗೆ ಹೋಯಿತು. ನೀವು ಮಾಡಿದ ಕೆಲಸ ಒಂದೆರಡು ಹೇಳಿ ಎಂದರೆ, ಅಂಥದ್ದೇನೂ ಇಲ್ಲ ಎಂದರು. ರಸ್ತೆ, ಚರಂಡಿ, ಸಮುದಾಯ ಭವನ? ಅವು ಎಲ್ಲರೂ ಮಾಡಿಸಿದ್ದೇ ಎಂದರು. ಆಮೇಲೆ ಅವರೇ ನನಗೆ ಒಂದು ಕೆಲಸ ಹೇಳಿದರು. ದೇವಲಾಪುರದಲ್ಲಿ ಮುದ್ದಯ್ಯ ಎಂದು, ಹಿಂದೆ ಪಂಚಾಯ್ತಿ ಮೆಂಬರಾಗಿದ್ದವರು. ಶಿವರಾತ್ರಿಯ ಮಾರನೇ ದಿನ ಅವರ ಹೆಂಡತಿ ತೀರಿಕೊಂಡಿದ್ದಾರೆ. ನಾನು ಹೋಗುವ ಹಾಗಿಲ್ಲ, ನೀವು ಹೋಗಿ ಒಂದಿಷ್ಟು ಹೊತ್ತು ಕೂತು ಬನ್ನಿ ಎಂದರು. ನಿಮ್ಮ ಪಕ್ಷದಲ್ಲಿ ಯಾರೂ ಇಲ್ಲವೇ ಎಂದೆ.

“ಅವ್ರೆ. ಕಳುಸುದ್ರೆ ಅಲ್ಲೇ ಓಟ್ ಕೇಳ್ಬುಡ್ತಾರೆ. ನೀವಾದ್ರೆ ಕೇಳಂಗಿಲ್ಲ, ಅದ್ ನಿಮಗ್ ಬೀಳೋ ಓಟಲ್ಲ.”

ನಗು ಬಂತು. ಒಪ್ಪಿಕೊಂಡೆ. ಹೋದರೆ ಭಾಷಣಕ್ಕೆ ಏನಾದರೂ ಸಿಗಬಹುದು ಎಂಬ ಆಸೆಯೂ ಇತ್ತು.

ಫೆಬ್ರವರಿ ೨೨, ಭಾನುವಾರ

ಪಾಂಡವಪುರ ದಾಟುವವರೆಗೆ ಕಬ್ಬಿನ ಲಾರಿಗಳ ಹಿಂದೆ ತೆವಳಿದೆವು. ನಾಗಮಂಗಲ ಮುಟ್ಟುವಷ್ಟರಲ್ಲಿ ಹಸಿರೆಲ್ಲ ಹಿಂದೆ ಉಳಿದಿತ್ತು. ದೇವಲಾಪುರದಲ್ಲಿ ಮುದ್ದಯ್ಯನವರ ಮನೆ ಮುಂದೆ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಅವರು ಗೋಡೆಗೆ ಒರಗಿ ಕೂತಿದ್ದರು. ಕುರ್ಚಿ ಹಾಕಿದರು, ಕೂತೆ. ಸಾವು ಯಾರನ್ನೂ ಬಿಟ್ಟಿಲ್ಲ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ, ಹೀಗೆ ನಾಲ್ಕು ಮಾತು ಹೇಳಿದೆ. ಚೆನ್ನಾಗಿಯೇ ಹೇಳಿದೆ. ಆಚೀಚೆ ಕೂತವರು ತಲೆದೂಗಿದರು. ಮುದ್ದಯ್ಯ ಮಾತ್ರ ನನ್ನ ಚಪ್ಪಲಿ ನೋಡುತ್ತಿದ್ದರು. ಗಡಿಯಾರ ನೋಡಿಕೊಂಡೆ, ಎದ್ದೆ, ಕೈಮುಗಿದು, “ಹೋಗಿ ಬರ್ತೀನಿ” ಎಂದೆ.

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಹಣೆ ಚಚ್ಚಿಕೊಂಡಳು. ಆಗ ಹೊಳೆಯಿತು. ಗೊತ್ತಿಲ್ಲದ ವಿಷಯವೇನಲ್ಲ. ಸಾವಿನ ಮನೆಯಿಂದ ಹೇಳದೆ ಕೇಳದೆ ಎದ್ದು ಬರಬೇಕು, ಹೋಗಿ ಬರ್ತೀನಿ ಅಂದರೆ ಮತ್ತೆ ಇಂಥದ್ದಕ್ಕೇ ಬರ್ತೀನಿ ಅಂದ ಹಾಗೆ ಎಂದು ಅಕ್ಕ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಸಭೆ ಮುಗಿಸಿ ಎದ್ದೂ ಎದ್ದೂ ಅಭ್ಯಾಸವಾದ ಬಾಯಿ ತಾನಾಗಿಯೇ ಅಂದುಬಿಟ್ಟಿತು. ಕಾರಿನ ಬಾಗಿಲು ತೆಗೆದ ಡ್ರೈವರ್ ನಿಂಗರಾಜುವಿನ ಮುಖ ನೋಡಲೂ ನಾಚಿಕೆಯಾಯಿತು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. ಕೇಳಿದ್ದು ಒಂದೇ ಮಾತು. “ಒಳಕ್ ಕರುದ್ರಾ?”

ಶಾಮಿಯಾನದಲ್ಲೇ ಕೂತಿದ್ದೆವು, ಒಳಗೆ ಹೋಗುವ ಪ್ರಮೇಯವೇ ಬರಲಿಲ್ಲ ಎಂದೆ. ಅವಳು ಚೊಂಬು ಎತ್ತಿಕೊಂಡು ಹೋದಳು.

ಫೆಬ್ರವರಿ ೨೪, ಮಂಗಳವಾರ

ಮಂಚಯ್ಯನವರಿಗೆ ಫೋನ್ ಮಾಡಿ ನನ್ನ ಎಡವಟ್ಟನ್ನು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

“ಮುದ್ದಯ್ಯ ಉಂಡ್ನಾ?”

ನೋಡಲಿಲ್ಲ ಎಂದೆ. ಆಗುವುದಾದರೆ ಇನ್ನೊಂದು ಸಲ ಹೋಗಿಬನ್ನಿ ಎಂದು ಫೋನಿಟ್ಟರು. ಊಟದ ಮಂಚಯ್ಯನವರಿಗೆ ಕಾಯಿಲೆಯಲ್ಲೂ ಊಟದ್ದೇ ಧ್ಯಾನ.

ಫೆಬ್ರವರಿ ೨೬, ಗುರುವಾರ

ದೇವಲಾಪುರಕ್ಕೆ ಮತ್ತೆ ಹೋದೆ. ಯಾಕೆ ಹೋದೆ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಮುದ್ದಯ್ಯ ಅದೇ ಗೋಡೆ, ಅದೇ ಜಾಗ. ಮಗಳು ಸಹನ ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪ ಅವತ್ತಿನಿಂದ ಕಾಫಿಯಲ್ಲೇ ಇದ್ದಾರೆ, ಅಕ್ಕಪಕ್ಕದವರು ತಂದ ಊಟವೆಲ್ಲ ಹಾಗೇ ವಾಪಸ್ಸು ಹೋಗುತ್ತಿದೆ ಎಂದಳು. ಮಂಚಯ್ಯನವರು ಬಂದಿದ್ದರೆ ಉಣ್ಣುತ್ತಿದ್ದರು ಎಂದೂ ಅಂದಳು. ಅದು ಹೇಗೆ ಎಂದು ಕೇಳಿದೆ.

“ತಾತ ಹೋದಾಗ ಬಂದಿದ್ರು ಮೇಡಂ. ಮದ್ಯಾನ್ದಗಂಟ ಜಗುಲೀಲಿ ಕೂತಿದ್ರು, ಒಂದ್ ಮಾತಿಲ್ಲ. ಆಮ್ಯಾಕೆ, ಮುದ್ದಯ್ಯ, ನಂಗೆ ಅಸಿವಾಯ್ತಾ ಐತೆ ಕಣ್ಲಾ, ಒಂದ್ ಮುದ್ದೆ ಇಕ್ಸು ಅಂದ್ರು. ಬಂದೋರು ಅಸ್ಕಂಡವ್ರಲ್ಲ ಅಂತ ಅಪ್ಪ ಎದ್ರು. ಒಬ್ನೇ ಉಣ್ಣಕಾಗಲ್ಲ, ನೀನೂ ಕೂತ್ಕ ಅಂದ್ರು. ಅಪ್ಪ ಬಾಯ್ಗೆ ಅನ್ನ ಇಟ್ಟಿದ್ದೇ ಅವತ್ತು.”

ಎಲ್ಲ ಸಾವಿನ ಮನೆಯಲ್ಲೂ ಅವರು ಹೀಗೇ ಮಾಡುತ್ತಾರಂತೆ. ಕೆಲವು ದಿನ ಮೂರು ನಾಲ್ಕು ಮನೆಯಲ್ಲಿ ಉಂಡಿದ್ದೂ ಇದೆಯಂತೆ. ನಾವು ನಕ್ಕಿದ್ದು ಈ ಊಟಕ್ಕೆ.

ಹಿಂತಿರುಗಿ ಮುದ್ದಯ್ಯನವರ ಹತ್ತಿರ ಕೂತೆ. ನನಗೂ ಹಸಿವು ಎಂದು ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ನಮ್ಮ ಕೇರಿಯ ಹೆಂಗಸು ಅಂಥ ಮನೆಯಲ್ಲಿ ತಾನಾಗಿ ಅನ್ನ ಕೇಳುವುದು ಎಂದರೇನು ಎಂದು ಮಂಚಯ್ಯನವರಿಗೆ ಹೇಗೆ ಗೊತ್ತಾಗಬೇಕು? ಅವರು ಕೇಳಿದರೆ ಸಲಿಗೆ. ನಾನು ಕೇಳಿದರೆ ಅದಕ್ಕೆ ಏನು ಹೆಸರಿಡುತ್ತಾರೋ. ನಮ್ಮಪ್ಪ, ಅಂಥ ಮನೆಗಳ ಹಿತ್ತಿಲ ಬಾಗಿಲಲ್ಲಿ ಅನ್ನಕ್ಕೆ ಸೆರಗೊಡ್ಡಿದ ತನ್ನ ಅವ್ವನ ಕಥೆ ಹೇಳುವಾಗಲೆಲ್ಲ ಧ್ವನಿ ನಡುಗುತ್ತಿತ್ತು.

ಹೇಳದೆ ಎದ್ದು ಬಂದೆ. ಅಷ್ಟಾದರೂ ಸರಿಯಾಗಿ ಮಾಡಿದೆ.

ಮಾರ್ಚ್ ೫, ಗುರುವಾರ, ಬೆಂಗಳೂರು

ಅಧಿವೇಶನ. ಗದ್ದಲ, ಮುಂದೂಡಿಕೆ, ಮತ್ತೆ ಗದ್ದಲ. ಶಾಸಕರ ಭವನದ ಕೋಣೆಯಲ್ಲಿ ಕೂತು ಭಾಷಣ ಬರೆದೆ. ಜನಾನುರಾಗಿ, ಸರಳ ಸಜ್ಜನ, ಅಜಾತಶತ್ರು. ಹೆಸರು ಬದಲಿಸಿದರೆ ಯಾರಿಗಾದರೂ ಸಲ್ಲುತ್ತದೆ, ನನಗೂ ಸಲ್ಲುತ್ತದೆ. ಹರಿದು ಹಾಕಿದೆ.

ಮಾರ್ಚ್ ೮, ಭಾನುವಾರ

ಮಹಿಳಾ ದಿನಾಚರಣೆಯ ಎರಡು ಭಾಷಣ ಮುಗಿಸಿ ಬರುವಾಗ ತಲೆ ಸಿಡಿಯುತ್ತಿತ್ತು. ನಿಂಗರಾಜು ಹೇಳಿದ, ಅರಕೆರೆಯಲ್ಲಿ ಮೊನ್ನೆ ಟ್ರಾಕ್ಟರು ನಾಲೆಗೆ ಮಗುಚಿ ಒಬ್ಬರು ಹೋದರು, ಹೆಂಡತಿ ನಿಮ್ಮ ಕಾಲೇಜಿನಲ್ಲಿ ಓದಿದವಳಂತೆ ಎಂದು. ಹೆಸರು ಅನು ಎಂದಾಗ ನೆನಪಾಯಿತು. ಮುಂದಿನ ಬೆಂಚಿನಲ್ಲಿ ಕೂತು ಎಲ್ಲದಕ್ಕೂ ವಾದ ಹೂಡುತ್ತಿದ್ದವಳು. ಗಾಡಿ ತಿರುಗಿಸು ಎಂದೆ.

ಫೋನು ಕಾರಿನಲ್ಲೇ ಉಳಿಯಿತು. ಗಂಡಸರು ಹೊರಗಿದ್ದರು, ನಾನು ನಡುಮನೆಗೆ ಹೋದೆ. ಅನು ನನ್ನನ್ನು ನೋಡಿ ಅಳಲೂ ಇಲ್ಲ. ಚಾಪೆಯ ಮೇಲೆ ಅವಳ ಪಕ್ಕ ಕೂತೆ. ಏನು ಹೇಳಬೇಕೋ ತೋಚಲಿಲ್ಲ, ತಲೆನೋವು ಬೇರೆ. ಸಿದ್ಧ ಮಾತುಗಳೆಲ್ಲ ಬೆಳಗಿನ ಸಭೆಗಳಲ್ಲೇ ಖರ್ಚಾಗಿದ್ದವು. ಗೋಡೆಯ ಮೇಲೆ ಬಿಸಿಲು ಸರಿಯುವುದನ್ನು ನೋಡುತ್ತ ಇಬ್ಬರೂ ಕೂತಿದ್ದೆವು. ಎಷ್ಟು ಹೊತ್ತಾಯಿತೋ. ಬೆಳಿಗ್ಗೆಯಿಂದ ಸಭೆಗಳ ಬಿಸ್ಕತ್ತು ಬಿಟ್ಟು ಏನೂ ತಿಂದಿರಲಿಲ್ಲ, ನಿಜವಾಗಿ ಹಸಿವಾಗಿತ್ತು. ಒಂದು ತುತ್ತು ಅನ್ನ ಇದ್ದರೆ ಕೊಡಿ ಎಂದೆ.

ಅವಳ ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಆಮೇಲೆ ತಟ್ಟೆ ಬಂತು. ಸ್ಟೀಲಿನದು, ಮನೆಯದೇ, ಅಂಚಿನಲ್ಲಿ ಯಾರದೋ ಹೆಸರು ಕೊರೆಸಿತ್ತು. ಒಬ್ಬಳೇ ಹೇಗೆ ಉಣ್ಣಲಿ ಎಂದಿದ್ದಕ್ಕೆ ಅನುವಿಗೂ ಒಂದು ತಟ್ಟೆ ಇಟ್ಟರು. ಅವಳು ಅನ್ನ ಕಲಸಿದಳು, ಕಲಸುತ್ತಲೇ ಇದ್ದಳು. ಕೊನೆಗೆ ಬಾಯಿಗಿಟ್ಟುಕೊಂಡಳು. ಅಳು ಆಗ ಬಂತು. ಅತ್ತೆಯೂ ಅತ್ತರು. ನಾನು ತಟ್ಟೆ ಖಾಲಿ ಮಾಡಿ, ಕೈ ತೊಳೆದು, ಸುಮ್ಮನೆ ಎದ್ದು ಬಂದೆ.

ಅಕ್ಕ ಮುದ್ದೆ ಮಾಡಿಟ್ಟಿದ್ದಳು. ಉಂಡುಬಂದೆ ಎಂದೆ. ಎಲ್ಲಿ ಎಂದಳು. ಹೇಳಿದೆ. ಅವಳು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಿಂತೇ ಇದ್ದಳು. ಅವರ ಮನೆಯ ತಟ್ಟೆಯಲ್ಲೇನಾ ಎಂದು ಎರಡು ಸಲ ಕೇಳಿದಳು.

ಮಾರ್ಚ್ ೧೪, ಶನಿವಾರ

ಪಾಂಡವಪುರದ ಹತ್ತಿರ ಕುಳ್ಳಯ್ಯ ಎಂಬವರ ಮನೆ, ತಾಯಿ ತೀರಿಕೊಂಡಿದ್ದರು, ಅಲ್ಲೂ ಉಂಡೆ. ಅಲ್ಲಿಂದ ದೇವಲಾಪುರಕ್ಕೂ ಹೋದೆ. ಮುದ್ದಯ್ಯನವರ ಜೊತೆ ಅರ್ಧ ಮುದ್ದೆ, ಹುರುಳಿ ಸಾರು. ಹೊಟ್ಟೆ ಭಾರ. ಬಿಸಿಲೂ ಜೋರು. ಮುಂದಿನ ಸಲ ನಿಲ್ಲುವುದಿಲ್ಲ ಅನ್ನುವವಳು ಊರೂರು ಯಾಕೆ ತಿರುಗುತ್ತೀಯ ಎಂದು ಅಕ್ಕ ಕೆಣಕಿದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ರೇಗಿದೆ. ಭಾಷಣ ಒಂದೇ ಪುಟ ಆಗಿದೆ, ಸಾಕು.

ಮಾರ್ಚ್ ೧೭, ಮಂಗಳವಾರ, ಬೆಂಗಳೂರು

ಆಗಲಿಲ್ಲ.

ಬೀಳ್ಕೊಡುಗೆ ಮಧ್ಯಾಹ್ನಕ್ಕೆ ಇತ್ತು. ಮೊದಲ ಇಬ್ಬರ ಬಗ್ಗೆ ಮಾತು ಮುಗಿಯುವಷ್ಟರಲ್ಲಿ ಯಾರೋ ಯಾರಿಗೋ ಏನೋ ಅಂದರು. ಎರಡೂ ಕಡೆಯವರು ಎದ್ದರು, ಸದನದ ಬಾವಿಗಿಳಿದರು, ಕಾಗದಗಳು ಹಾರಿದವು. ಅಂದ ಮಾತು ಏನೆಂದು ಬಾವಿಗಿಳಿದವರಿಗೂ ಗೊತ್ತಿರಲಿಲ್ಲ. ನನ್ನ ಸರದಿ ಬಂದಾಗ ಎದ್ದು ನಿಂತೆ. “ಮಾನ್ಯ ಸಭಾಪತಿಗಳೇ, ಮಂಚಯ್ಯನವರು” ಎಂದೆ. ಅಷ್ಟೇ. ಮೈಕು ಆರಿತು. ಉಳಿದ ಭಾಷಣಗಳ ಪ್ರತಿ ಕೊಡಿ, ಓದಿದಂತೆ ಭಾವಿಸಲಾಗುವುದು ಎಂದು ಪೀಠದಿಂದ ಹೇಳಿ ಸದನವನ್ನು ಮುಂದೂಡಿದರು.

ಆ ಪುಟದಲ್ಲಿ ಅವರ ಊಟದ ಕಥೆ ಬರೆದಿದ್ದೆ. ಇಲ್ಲಿ ನಗುತ್ತಿದ್ದವರೆಲ್ಲ ಕೂತು ಕೇಳಲಿ ಎಂದಿದ್ದೆ, ನಕ್ಕವರಲ್ಲಿ ನಾನೂ ಒಬ್ಬಳು ಎಂದೂ ಬರೆದಿದ್ದೆ. ಗುಮಾಸ್ತರು ಬಂದು ಪುಟ ತೆಗೆದುಕೊಂಡು ಹೋದರು. ಓದಿದಂತೆ ಭಾವಿಸಿದರಂತೆ. ಯಾರು ಓದಿದರು, ಯಾರು ಕೇಳಿದರು?

ಸಂಜೆ ದ್ಯಾವಮ್ಮನವರ ಫೋನು. ಮಂಚಯ್ಯನವರು ಬೆಳಿಗ್ಗೆಯೇ ಸ್ನಾನ ಮಾಡಿ ಬಿಳಿ ಅಂಗಿ ಹಾಕಿಸಿಕೊಂಡು, ಹೆಗಲಿಗೆ ಟವಲು ಹಾಕಿ ಟೀವಿ ಮುಂದೆ ಕೂತಿದ್ದರಂತೆ.

“ನಿಮ್ ಮುಖ ಬಂತು ಕಣವ್ವ, ಇವ್ರ ಎಸ್ರೂ ಬಂತು. ಆಮೇಲೆ ಗಲಾಟೆ. ಇವ್ರು ಟೀವಿ ಆರ್ಸು ಅಂದ್ರು. ಅಂಗೇ ಮಲೀಕಂಡವ್ರೆ.”

ಮಾತು ಬರುತ್ತದೆ ಎಂದೇ ಅಲ್ಲವೇ ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು.

ಮಾರ್ಚ್ ೧೯, ಗುರುವಾರ

ಯುಗಾದಿ. ಬೇವು ಬೆಲ್ಲ ತಿಂದೆ. ಅಕ್ಕನ ಒಬ್ಬಟ್ಟು ಯಾವತ್ತಿನಂತೆ ಚೆನ್ನಾಗಿತ್ತು. ಮಧ್ಯಾಹ್ನವೆಲ್ಲ ಮಲಗಿದೆ. ನಿದ್ದೆ ಬರಲಿಲ್ಲ.

ಮಾರ್ಚ್ ೨೧, ಶನಿವಾರ

ಶೀಳನೆರೆಗೆ ಹೋದೆ.

ಹೊಸತೊಡಕು ಮುಗಿದ ಮಾರನೇ ದಿನ, ಕೆ.ಆರ್. ಪೇಟೆ ರಸ್ತೆಯುದ್ದಕ್ಕೂ ಊರುಗಳೆಲ್ಲ ಉಂಡು ಮಲಗಿದ್ದವು. ಮಂಚಯ್ಯನವರು ಜಗುಲಿಯ ಮಂಚದ ಮೇಲೆ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದಾರೆ. ಬಿಳಿ ಅಂಗಿಯ ಕತ್ತಿನೊಳಗೆ ಇನ್ನೊಂದು ಕತ್ತು ಹಿಡಿಯುವಷ್ಟು ಜಾಗ. ಬನ್ನಿ ಎಂದರು. ಮಂಗಳವಾರದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಅವರ ಮುಖ ನೋಡಿದ ಮೇಲೆ ಬೇಡವೆನಿಸಿತು. ಜಗುಲಿಯ ಅಂಚಿನಲ್ಲಿ ಕೂತೆ.

ನೀರು ಕೊಡುವ ನೆಪದಲ್ಲಿ ದ್ಯಾವಮ್ಮ ಬಗ್ಗಿ, ಮಂಗಳವಾರದಿಂದ ಸರಿಯಾಗಿ ಉಂಡಿಲ್ಲ ಎಂದು ಪಿಸುಗುಟ್ಟಿದರು. ಡಾಕ್ಟರು ಉಪ್ಪು ಬಿಡಿಸಿದ್ದಾರೆ, ಸಪ್ಪೆ ಸಾರು ಯಾರಿಗೆ ಬೇಕು ಎಂದು ತಟ್ಟೆ ದೂಡುತ್ತಾರಂತೆ. ನನಗೆ ನಿನ್ನೆಯ ಬಾಡಿನ ಸಾರು ಬಿಸಿಮಾಡುತ್ತೇನೆ ಎಂದರು. ಬೇಡ ಎಂದು ಕೈಸನ್ನೆ ಮಾಡಿದೆ.

ಬಹಳ ಹೊತ್ತು ಕೂತಿದ್ದೆ. ಎದುರಿನ ಹಟ್ಟಿಯಲ್ಲಿ ಒಂದು ಎಮ್ಮೆ ಮೆಲುಕು ಹಾಕುತ್ತಿತ್ತು. ಹೊಟ್ಟೆ ಚುರುಗುಟ್ಟತೊಡಗಿತು.

“ಅಣ್ಣ, ನಂಗೆ ಹಸಿವಾಗ್ತಾ ಇದೆ. ಅನ್ನ ಇಕ್ಕಿಸಿ. ನಿಮಗೆ ಮಾಡಿರೋದೇ ಸಾಕು. ಒಬ್ಬಳಿಗೇ ಉಣ್ಣೋಕಾಗಲ್ಲ.”

ಅವರು ತಲೆಯೆತ್ತಿ ನನ್ನನ್ನೇ ದಿಟ್ಟಿಸಿದರು.

“ನನ್ ಇದ್ಯೆ ನನ್ ಮ್ಯಾಲೇ ಮಾಡೀಯಾ?”

ದ್ಯಾವಮ್ಮ ಆಗಲೇ ಎರಡು ತಟ್ಟೆ ತಂದಿದ್ದರು. ಉಪ್ಪಿಲ್ಲದ ಸಾರು ಹೇಗಿರುತ್ತದೆ ಎಂದು ಇವತ್ತು ಗೊತ್ತಾಯಿತು. ಬಿಸಿನೀರಿನಲ್ಲಿ ಬೇಳೆ ತೇಲಿಬಿಟ್ಟಂತೆ. ನಾನು ಮುಖ ಕಿವುಚಿದ್ದನ್ನು ನೋಡಿ ಅವರಿಗೆ ಖುಷಿಯಾಯಿತು. ಬಿಡಬೇಡಿ, ಪೂರ್ತಿ ಉಣ್ಣಿ ಎಂದು ತಮಾಷೆ ಮಾಡುತ್ತ ತಾವೂ ಉಂಡರು. ಎರಡನೇ ಸಲ ಅನ್ನ ಹಾಕಿಸಿಕೊಂಡರು. ದ್ಯಾವಮ್ಮ ಬಾಗಿಲ ಹಿಂದೆ ಸರಿದು ಸೆರಗಿನಿಂದ ಮುಖ ಒರೆಸಿಕೊಂಡಿದ್ದು ನನಗೆ ಮಾತ್ರ ಕಂಡಿತು.

ಕೈ ತೊಳೆದ ಮೇಲೆ ಅವರೇ ಕೇಳಿದರು. “ಅವತ್ತು ಎದ್ದ್ ನಿಂತ್ರಲ್ಲ, ನನ್ ಎಸ್ರ್ ಏಳುದ್ರಲ್ಲ. ಆಮೇಲೇನ್ ಅನ್ಬೇಕು ಅಂತಿದ್ರಿ?”

ಬರೆದ ಪುಟದಲ್ಲಿ ಒಂದು ಸಾಲೂ ಆ ಕ್ಷಣಕ್ಕೆ ನೆನಪಿಗೆ ಬರಲಿಲ್ಲ.

“ಮಂಚಯ್ಯನೋರಿಗೆ ಹಸಿವು ಜಾಸ್ತಿ ಅಂತ ಹೇಳ್ಬೇಕು ಅಂತಿದ್ದೆ.”

ನಕ್ಕರು. ಮೈಯೆಲ್ಲ ಅಲುಗುವ ಹಾಗೆ, ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಟವಲಿನಿಂದ ಕಣ್ಣು ಒರೆಸಿಕೊಂಡು, ತೊಡೆಯ ಮೇಲೆ ಎರಡು ಕೈ ಇಟ್ಟು, ಸದನದಲ್ಲಿ ಕೂರುತ್ತಿದ್ದ ಹಾಗೆಯೇ ಕೂತರು.

ಬಿಸಿಲು ಇಳಿದಿತ್ತು. ಎದ್ದೆ. ಜಗುಲಿ ಇಳಿದು ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ಕಾರಿನ ಕಡೆ ನಡೆದೆ. ನಿಂಗರಾಜು ಬಾಗಿಲು ತೆಗೆದಿದ್ದ. ಹಿಂದಿನಿಂದ ಧ್ವನಿ ಬಂತು, ಕಾಯಿಲೆಯವರ ಧ್ವನಿಯಲ್ಲ.

“ಓಗ್ಬತ್ತೀನಿ ಅನ್ನವ್ವ. ಇದಿನ್ನೂ ಸಾವಿನ್ ಮನೆ ಆಗಿಲ್ಲ.”

ನಿಂತಲ್ಲೇ ನಿಂತುಬಿಟ್ಟೆ. ಇಷ್ಟು ದಿನ ಹೋದ ಕಡೆಯೆಲ್ಲ ಹೇಳದೆ ಎದ್ದು ಬಂದು, ಉಸಿರಾಡುತ್ತ ಕೂತ ಮನುಷ್ಯನ ಮನೆಯಿಂದಲೂ ಹಾಗೇ ಎದ್ದು ಬಂದಿದ್ದೆ. ವಾಪಸ್ಸು ಹೋಗಿ ಜಗುಲಿಯ ಹತ್ತಿರ ನಿಂತೆ.

“ಹೋಗ್ಬರ್ತೀನಿ ಅಣ್ಣ.”

“ಯಾವತ್ತು?”

ಮಂಗಳವಾರ ಎಂದೆ. ಅವತ್ತು ಅವರಿಗೆ ಮೈಸೂರಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಬೇಕು.